ಗುಂಪಿನಲ್ಲಿ ಗೋವಿಂದ, ಅಂಕ ಮಾತ್ರ ಸರಿಸಮ

ಸೆಮಿನಾರ್ ಕ್ಲಾಸಿನಲ್ಲಿ ಮೇಷ್ಟ್ರು "ಐದೈದು ಜನ ಸೇರಿ ಗ್ರೂಪ್ ಮಾಡಿಕೊಳ್ಳಿ" ಅನ್ನುತ್ತಿದ್ದ ಹಾಗೇ ಚೆನ್ನಾಗಿ ಓದುವ ಹುಡುಗಿಯ ಸುತ್ತ ನಾಲ್ಕು ಕುರ್ಚಿ ಬಂದು ಕೂರುತ್ತವೆ. ಹೋದ ವಾರದವರೆಗೂ ಅವಳ ಹೆಸರೇ ಗೊತ್ತಿಲ್ಲದವರಿಗೆ ಈಗ ಅವಳು ಬೆಸ್ಟ್ ಫ್ರೆಂಡ್. ಅವಳ ಮುಖ ಮಾತ್ರ ಬಾಡಿರುತ್ತದೆ. ಪಠ್ಯಕ್ರಮದ ಕಾಗದದಲ್ಲಿ ಇದಕ್ಕೆ 'ಸಹಯೋಗದ ಕಲಿಕೆ' ಎಂದು ಹೆಸರು.

ಯಾಕೆ ಬೇಕು ಇದು ಅಂತ ಕೇಳಿ ನೋಡಿ, ಉತ್ತರ ನಾಲಗೆ ತುದಿಯಲ್ಲೇ ಇರುತ್ತದೆ. ನಾಳೆ ಕೆಲಸಕ್ಕೆ ಸೇರಿದ ಮೇಲೆ ತಂಡದಲ್ಲಿ ದುಡಿಯಬೇಕಲ್ವಾ, ಅದಕ್ಕೆ ಈಗಿಂದಲೇ ತರಬೇತಿ. ಒಪ್ಪಬೇಕಾದ ಮಾತೇ. ಒಬ್ಬರು ಕೆಲಸ ಮಾಡುವುದು, ಉಳಿದವರು ಮೀಟಿಂಗಿನಲ್ಲಿ ತಲೆಯಾಡಿಸುವುದು, ಕೊನೆಗೆ "ನಾವು ಮಾಡಿದೆವು" ಅನ್ನುವುದು. ಇಷ್ಟು ಪಕ್ಕಾ ತರಬೇತಿ ಬೇರೆ ಯಾವ ವಿಷಯದಲ್ಲೂ ಕಾಲೇಜು ಕೊಡುವುದಿಲ್ಲ.

ಮೊದಲ ದಿನವೇ ವಾಟ್ಸಾಪ್ ಗ್ರೂಪ್ ಹುಟ್ಟುತ್ತದೆ. ಇಡೀ ಪ್ರಾಜೆಕ್ಟಿನಲ್ಲಿ ಐವರೂ ಕೂಡಿ, ಚರ್ಚಿಸಿ, ಜಗಳವಾಡಿ ತೀರ್ಮಾನ ಮಾಡುವುದು ಒಂದೇ ಒಂದು ಸಂಗತಿ. ಆ ಗ್ರೂಪಿಗೆ ಏನು ಹೆಸರಿಡಬೇಕು ಅನ್ನುವುದು. ಆಮೇಲೆ ಡಿಪಿ ಬದಲಾಗುತ್ತದೆ. ಆಮೇಲೆ ಯಾರೂ ಉಸಿರೆತ್ತುವುದಿಲ್ಲ. "ಯಾರು ಯಾವ ಭಾಗ ಮಾಡ್ತೀರಾ?" ಅಂತ ಆ ಹುಡುಗಿ ಕೇಳಿದರೆ ಎಲ್ಲರೂ ಓದಿದ ಗುರುತಿಗೆ ನೀಲಿ ಟಿಕ್ ಬೀಳುತ್ತದೆ, ಜೊತೆಗೆ ಒಂದು ಹೆಬ್ಬೆರಳು. ಸಬ್ಮಿಷನ್ ಹಿಂದಿನ ರಾತ್ರಿ ಹನ್ನೊಂದೂವರೆಗೆ ಒಬ್ಬ ದಿಢೀರನೆ ಜೀವ ಬಂದವನಂತೆ ಬರೆಯುತ್ತಾನೆ: "ಗಯ್ಸ್, ನನ್ನಿಂದ ಏನಾದ್ರೂ ಹೆಲ್ಪ್ ಬೇಕಾ?"

ಇನ್ನು ಸಂಶೋಧನೆ. ವಿಷಯ ಬಹುತೇಕ 'ವಿದ್ಯಾರ್ಥಿಗಳ ಮೇಲೆ ಸೋಷಿಯಲ್ ಮೀಡಿಯಾದ ಪರಿಣಾಮ'ವೇ. ಗೂಗಲ್ ಫಾರ್ಮ್ ತಯಾರಾಗಿ ಕ್ಲಾಸ್ ಗ್ರೂಪಿಗೆ ಬೀಳುತ್ತದೆ. ಉಳಿದ ಗ್ರೂಪ್‌ಗಳ ಫಾರ್ಮೂ ಅಲ್ಲಿಗೇ ಬರುತ್ತವೆ. ನಮ್ಮದನ್ನು ನೀವು ತುಂಬಿ, ನಿಮ್ಮದನ್ನು ನಾವು ತುಂಬುತ್ತೇವೆ. ಹೀಗೆ ಅಧ್ಯಯನ ಮಾಡುವವರೂ ಅವರೇ, ಅಧ್ಯಯನಕ್ಕೆ ಒಳಗಾಗುವವರೂ ಅವರೇ. ಪ್ರಶ್ನೆ ಓದದೆ ಟಿಕ್ ಹಾಕುವವರೂ ಅವರೇ.

ಅಂಥದ್ದೊಂದು ವರದಿಯನ್ನು ಕೈಗೆತ್ತಿಕೊಂಡು ನೋಡಿ. ಕವರ್ ಪೇಜ್ ಮದುವೆ ಕರೆಯೋಲೆಯ ಹಾಗಿರುತ್ತದೆ. ಐವರ ಹೆಸರಿದ್ದರೂ ಕೃತಜ್ಞತೆಯ ಪುಟ 'ನಾನು' ಎಂದು ಶುರುವಾಗುತ್ತದೆ, ಯಾವುದೋ ಬೇರೆ ವಿಭಾಗದ ಮುಖ್ಯಸ್ಥರಿಗೆ ವಂದನೆ ಹೇಳುತ್ತದೆ. ಮೊದಲ ಅಧ್ಯಾಯದಲ್ಲಿ 120 ವಿದ್ಯಾರ್ಥಿಗಳನ್ನು ಮಾತಾಡಿಸಿದ್ದಾರೆ. ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅವರು 85 ಆಗಿದ್ದಾರೆ. ಪೈ ಚಾರ್ಟಿನ ತುಂಡುಗಳನ್ನು ಕೂಡಿಸಿದರೆ ಶೇ. 104. ಎರಡನೆಯ ಅಧ್ಯಾಯದ ಪ್ರಕಾರ ಸೋಷಿಯಲ್ ಮೀಡಿಯಾದಿಂದ ಓದು ಹಾಳು, ಐದನೆಯದರ ಪ್ರಕಾರ ಅದರಿಂದಲೇ ಓದು ಉದ್ಧಾರ. ಅಧ್ಯಾಯ ಬದಲಾದಂತೆ ಫಾಂಟೂ ಬದಲಾಗುವುದರಿಂದ ಯಾರ ಜಮೀನು ಎಲ್ಲಿ ಮುಗಿಯಿತು ಎಂದು ಸರ್ವೆ ಕಲ್ಲು ನೆಟ್ಟಷ್ಟು ಸ್ಪಷ್ಟ. ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ "ಇದನ್ನು ಇನ್ನೂ ಸರಳವಾಗಿ ಬರೆದುಕೊಡಲೇ?" ಎಂಬ ವಿನಯದ ಸಾಲೊಂದು ಹಾಗೇ ಉಳಿದಿದೆ. ಚಾಟ್‌ಬಾಟ್ ಕೇಳಿದ್ದು. ಐವರಿಗಿಂತ ಜಾಸ್ತಿ ದುಡಿದ ಆ ಆರನೆಯವನ ಹೆಸರು ಕವರ್ ಪೇಜಿನಲ್ಲಿಲ್ಲ, ಅದೊಂದು ಅನ್ಯಾಯ.

ಇದೆಲ್ಲ ಈಗಿನ ಹುಡುಗರ ಸೋಮಾರಿತನ ಅಂತ ಗೊಣಗಬೇಡಿ. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ ಜನರ ಕೈಯಲ್ಲಿ ಹಗ್ಗ ಎಳೆಸಿ, ಅದರ ಲೆಕ್ಕವನ್ನು 1913ರಲ್ಲೇ ಪ್ರಕಟಿಸಿದ್ದ. ಎಂಟು ಜನ ಕೂಡಿ ಎಳೆದಾಗ ಒಬ್ಬೊಬ್ಬನ ಪಾಲಿನ ಬಲ, ಒಂಟಿಯಾಗಿ ಎಳೆದಾಗ ಇದ್ದದ್ದರ ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿದ್ದದ್ದೇ ಮುಖ್ಯ ಕಾರಣ ಎಂದು ಪುಣ್ಯಾತ್ಮ ಒಳ್ಳೆಯ ಮನಸ್ಸಿನಿಂದ ನಂಬಿದ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಆ ನಂಬಿಕೆಗೂ ಕಲ್ಲು ಹಾಕಿದರು. ಕಣ್ಣಿಗೆ ಬಟ್ಟೆ ಕಟ್ಟಿದ ಒಬ್ಬನನ್ನು ಮುಂದೆ ನಿಲ್ಲಿಸಿ, ಹಿಂದಿನವರೂ ಎಳೆಯುತ್ತಾರೆ ಎಂದು ನಂಬಿಸಿದರು. ಹಿಂದಿನವರು ಎಳೆದಂತೆ ನಟಿಸಿದರು ಅಷ್ಟೇ. ಆದರೂ ಮುಂದಿನವನ ಕೈ ಸಡಿಲಾಯಿತು. ನಮ್ಮ ಗ್ರೂಪ್ ಪ್ರಾಜೆಕ್ಟಿನಲ್ಲಿ ಸ್ವಲ್ಪ ವ್ಯತ್ಯಾಸ ಇದೆ. ಹಿಂದಿನ ನಾಲ್ವರು ನಟಿಸುತ್ತಿದ್ದಾರೆ ಎಂದು ಮುಂದಿನವಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವಳು ಒಬ್ಬಳೇ ಎಳೆಯುತ್ತಾಳೆ.

ಕೂಡಿ ಕಲಿಯುವುದೇ ಬೂಟಾಟಿಕೆ ಅಂತ ನಾನು ಹೇಳುತ್ತಿಲ್ಲ. ಎಲಿಯಟ್ ಆರೊನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ 'ಜಿಗ್‌ಸಾ' ಎಂಬ ಪದ್ಧತಿ ಶುರು ಮಾಡಿದರು. ಬಿಳಿಯರ, ಕರಿಯರ, ಮೆಕ್ಸಿಕನ್ ಮೂಲದವರ ಮಕ್ಕಳು ಆಗಷ್ಟೇ ಒಂದೇ ಕ್ಲಾಸಿಗೆ ಬಂದು ಹೊಡೆದಾಡುತ್ತಿದ್ದ ಕಾಲ ಅದು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ತನ್ನ ತುಂಡನ್ನು ಉಳಿದವರಿಗೆ ಕಲಿಸುವ ಕೆಲಸ ಆ ಮಗುವಿನದೇ. ಕೊನೆಗೆ ಇಡೀ ಪಾಠದ ಮೇಲೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪರೀಕ್ಷೆ. ಪಕ್ಕದವನ ಮಾತು ಕಿವಿಗೆ ಹಾಕಿಕೊಳ್ಳದಿದ್ದರೆ ನನಗೇ ನಷ್ಟ ಅನ್ನುವ ಏರ್ಪಾಡು. ನಮ್ಮ ಕಾಲೇಜುಗಳು ಇದರಲ್ಲಿ ತುಂಡು ಮಾಡುವ ಭಾಗವನ್ನು ಮಾತ್ರ ಶ್ರದ್ಧೆಯಿಂದ ತೆಗೆದುಕೊಂಡವು. ಒಬ್ಬರಿಗೊಬ್ಬರು ಕಲಿಸುವುದನ್ನು ಬಿಟ್ಟವು. ಪರೀಕ್ಷೆಯನ್ನಂತೂ ಬಿಟ್ಟೇ ಬಿಟ್ಟವು.

ಯಾಕೆ ಬಿಟ್ಟವು ಅಂದರೆ ಒಂದು ಚಿಕ್ಕ ಭಾಗಾಕಾರ ಸಾಕು. ಕ್ಲಾಸಿನಲ್ಲಿ 60 ಜನ. ಒಬ್ಬೊಬ್ಬರೂ ಬರೆದರೆ ಮೇಷ್ಟ್ರು ಓದಬೇಕಾದ್ದು 60 ವರದಿ. ಐದೈದು ಜನ ಸೇರಿದರೆ ಬರೀ 12. ವಿದ್ಯಾರ್ಥಿಗೆ ತಂಡಸ್ಫೂರ್ತಿ, ಮೇಷ್ಟ್ರಿಗೆ 48 ವರದಿಗಳ ಉಳಿತಾಯ. ಆ ಹನ್ನೆರಡನ್ನೂ ಅವರು ಓದುತ್ತಾರೆ ಅಂತೇನಿಲ್ಲ. ಓದಿದ್ದರೆ 104ರ ಪೈ ಚಾರ್ಟಿಗೆ 'ವೆರಿ ಗುಡ್' ಬೀಳುತ್ತಿರಲಿಲ್ಲ. ಮೇಷ್ಟ್ರನ್ನೂ ಪೂರ್ತಿ ಬಯ್ಯುವ ಹಾಗಿಲ್ಲ ಬಿಡಿ. ಮೂರು ಜನರ ಪಾಠ ಒಬ್ಬರ ತಲೆಗೆ ಕಟ್ಟಿದ ಆಡಳಿತ ಮಂಡಳಿಗೆ ಹಗ್ಗ ಹಿಡಿದ ನೆನಪೇ ಇಲ್ಲ.

ಯಾರೋ ದೂರು ಕೊಟ್ಟರು ಅಂತ 'ಸಹಪಾಠಿ ಮೌಲ್ಯಮಾಪನ' ಎಂಬ ಹೊಸ ಫಾರ್ಮ್ ಬಂತು. ನಿಮ್ಮ ತಂಡದ ಪ್ರತಿಯೊಬ್ಬರಿಗೂ ಹತ್ತಕ್ಕೆ ಅಂಕ ಕೊಡಿ, ಗುಟ್ಟಾಗಿ. ಅವತ್ತು ಮಾತ್ರ ಐವರೂ ನಿಜವಾದ ತಂಡವಾದರು. ಕ್ಯಾಂಟೀನಿನಲ್ಲಿ ಕೂತು, ಎಲ್ಲರೂ ಎಲ್ಲರಿಗೂ ಹತ್ತಕ್ಕೆ ಹತ್ತು ಕೊಡುವುದು ಅಂತ ಒಪ್ಪಂದ ಮಾಡಿಕೊಂಡರು. ಆ ಹುಡುಗಿಯೂ ಕೊಟ್ಟಳು. ಇನ್ನೂ ಎರಡು ಸೆಮಿಸ್ಟರ್ ಇವರ ಜೊತೆಗೇ ಓದಬೇಕು ನೋಡಿ.

ದೊಡ್ಡ ಸಂಶೋಧಕರ ಲೋಕದಲ್ಲಿ ಇದಕ್ಕೊಂದು ಉಪಾಯ ಇದೆ. ಒಂದು ಪ್ರಬಂಧಕ್ಕೆ ಯಾರು ಏನು ಮಾಡಿದರು ಎಂದು ಬಿಡಿಸಿ ಹೇಳಲು ಅನೇಕ ಜರ್ನಲ್‌ಗಳು 'ಕ್ರೆಡಿಟ್' ಎಂಬ ಪಟ್ಟಿ ಬಳಸುತ್ತವೆ. ಅದರಲ್ಲಿ 14 ಬಗೆಯ ಪಾತ್ರಗಳಿವೆ: ಯೋಚನೆ ಯಾರದು, ದತ್ತಾಂಶ ಯಾರದು, ಬರವಣಿಗೆ ಯಾರದು, ಹೀಗೆ. ನಮ್ಮಲ್ಲಿ ಜಾರಿಗೆ ತಂದರೆ ಹದಿನೈದನೆಯದೊಂದು ಸೇರಿಸಬೇಕಾಗುತ್ತದೆ. 'ಗ್ರೂಪಿನಲ್ಲಿ ಇದ್ದರು.'

ಸುಮ್ನೆ ಹೆಸರು ಸೇರಿಸಿಕೊಳ್ಳುವುದರಲ್ಲಿ ಒಂದು ಬೆಕ್ಕೂ ಹೆಸರು ಮಾಡಿದೆ. 1975ರಲ್ಲಿ ಜ್ಯಾಕ್ ಹೆದರಿಂಗ್ಟನ್ ಎಂಬ ಅಮೆರಿಕದ ಭೌತವಿಜ್ಞಾನಿ ಒಬ್ಬರೇ ಪ್ರಬಂಧ ಬರೆದು, ಉದ್ದಕ್ಕೂ 'ನಾವು' ಎಂದು ಟೈಪ್ ಮಾಡಿಬಿಟ್ಟಿದ್ದರು. ಒಬ್ಬನೇ ಲೇಖಕನಾದರೆ ಜರ್ನಲಿನವರು 'ನಾವು' ಒಪ್ಪುವುದಿಲ್ಲ ಎಂದು ಗೆಳೆಯರೊಬ್ಬರು ಎಚ್ಚರಿಸಿದರು. ಎಲ್ಲವನ್ನೂ ಮತ್ತೆ ಯಾರು ಟೈಪ್ ಮಾಡುತ್ತಾರೆ? ತಮ್ಮ ಸಿಯಾಮೀಸ್ ಬೆಕ್ಕಿಗೆ ಎಫ್. ಡಿ. ಸಿ. ವಿಲ್ಲರ್ಡ್ ಎಂದು ಹೆಸರಿಟ್ಟು ಸಹಲೇಖಕ ಮಾಡಿಬಿಟ್ಟರು. ಪ್ರಬಂಧ ಅಚ್ಚಾಯಿತು. ಕೆಲವು ಪ್ರತಿಗಳ ಮೇಲೆ ಬೆಕ್ಕು ಪಂಜದ ಗುರುತೊತ್ತಿ ಸಹಿಯನ್ನೂ ಹಾಕಿತು. ಹಾಜರಿ ಹಾಳೆಗೆ ಗೆಳೆಯನ ಕೈಲಿ ಸಹಿ ಹಾಕಿಸುವವರು ಗಮನಿಸಬೇಕು.

ಬೆಕ್ಕಿಗೆ ವೈವಾ ಇರಲಿಲ್ಲ, ಇವರಿಗೆ ಇದೆ. ಒಬ್ಬೊಬ್ಬರಿಗೆ ಎರಡೆರಡು ಸ್ಲೈಡ್. ತನ್ನ ಸ್ಲೈಡ್ ಓದಿ ಮುಗಿಸಿ "ಮುಂದಿನದನ್ನು ನನ್ನ ಮಿತ್ರ ವಿವರಿಸುತ್ತಾನೆ" ಅಂದು ಪಕ್ಕಕ್ಕೆ ಸರಿದರೆ ಮುಗಿಯಿತು, ಅಲ್ಲಿಂದ ಪ್ರಪಂಚ ಏನಾದರೂ ಆಗಲಿ. ಹೊರಗಿನಿಂದ ಬಂದ ಪರೀಕ್ಷಕರು ಗಡಿಯಾರ ನೋಡುತ್ತಾ, ಏನಾದರೂ ಕೇಳಬೇಕಲ್ಲ ಅಂತ ನಾಲ್ಕನೆಯವನ ಕಡೆ ತಿರುಗಿ, "ಎಲ್ಲಿ, ನಿಮ್ಮ ಪ್ರಾಜೆಕ್ಟಿನ ಟೈಟಲ್ ಹೇಳಿ" ಅನ್ನುತ್ತಾರೆ. ಅವನು ಧೈರ್ಯವಾಗಿ ಸ್ಕ್ರೀನ್ ಕಡೆ ತಿರುಗುತ್ತಾನೆ. ಅಷ್ಟರಲ್ಲಿ ಕೊನೆಯ ಸ್ಲೈಡ್ ಬಂದಾಗಿದೆ. "ಥ್ಯಾಂಕ್ ಯೂ ಸರ್" ಎಂದು ಓದಿ ಹೇಳುತ್ತಾನೆ.