ಪ್ಲೇಗ್ ಬಂದರೂ ಬರಲಿ, ಕೂಲಿ ಏರಬಾರದು

1349ರ ಜನವರಿಯಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಸೇರಬೇಕಿತ್ತು. ಪ್ಲೇಗ್ ಜಾಸ್ತಿ ಆಯಿತು ಅಂತ ಮುಂದಕ್ಕೆ ಹಾಕಿದರು. ತಪ್ಪೇನಿಲ್ಲ, ಜೀವ ಯಾರಿಗೆ ಬೇಡ?

ಅದೇ ಜೂನ್‌ನಲ್ಲಿ ದೊರೆ ಮೂರನೇ ಎಡ್ವರ್ಡ್ ಸುಗ್ರೀವಾಜ್ಞೆ ಹೊರಡಿಸಿದ. ಜಮೀನು, ಕಸುಬು ಇಲ್ಲದ, 60 ದಾಟದ ಗಟ್ಟಿಮುಟ್ಟಾದವರೆಲ್ಲ ಕರೆದ ಕಡೆ ದುಡಿಯಲೇಬೇಕು. ಕೂಲಿ? ಪ್ಲೇಗ್ ಬರುವ ಮುಂಚಿನ, 1346ರ ದರ. ತಿನ್ನುವ ಪದಾರ್ಥಕ್ಕೆ ಮಾತ್ರ ಹಳೇ ದರದ ಹಟವಿಲ್ಲ, 'ನ್ಯಾಯವಾದ ಬೆಲೆ' ಇದ್ದರೆ ಸಾಕು. ಊರಲ್ಲಿ ಮೂವರಲ್ಲಿ ಒಬ್ಬರೋ, ಕೆಲವು ಕಡೆ ಅರ್ಧಕ್ಕರ್ಧವೋ ಮಣ್ಣಾಗಿದ್ದರು. ಸತ್ತವರ ಪಾಲಿನ ಕೆಲಸ ಬದುಕಿದವರ ತಲೆಗೆ, ಸತ್ತವರ ಪಾಲಿನ ಕೂಲಿ ಧಣಿಯ ಜೇಬಿಗೆ!

ಆಳುಗಳು ಕೇಳಲಿಲ್ಲ. 1351ರಲ್ಲಿ ಪಾರ್ಲಿಮೆಂಟ್ ಇನ್ನೂ ಗಟ್ಟಿ ಕಾನೂನು ತಂದಿತು. ಹುಲ್ಲು ಒಣಗಿಸುವವರಿಗೆ ದಿನಕ್ಕೆ 1 ಪೆನ್ನಿ, ಮೇಸ್ತ್ರಿ ಬಡಗಿಗೆ 3. ಈ ಕಾನೂನು ಪಾಲಿಸುತ್ತೇವೆ ಅಂತ ಆಳುಗಳು ವರ್ಷಕ್ಕೆರಡು ಸಲ ಆಣೆ ಮಾಡಬೇಕು. ಒಪ್ಪದವರ ಕಾಲು ಸಿಕ್ಕಿಸಿ ಕೂರಿಸಲು ಊರೂರಲ್ಲೂ ಮರದ ಕೋಳ ಮಾಡಿಸಬೇಕು. ಆ ಕೋಳ ಕೆತ್ತುವವನೂ ಅದೇ ಬಡಗಿ ಅಲ್ವಾ? ನಾಲ್ಕನೇ ಪೆನ್ನಿ ಕೇಳಿದರೆ, ತಾನು ಕೆತ್ತಿದ ತೂತಿನಲ್ಲಿ ತಾನೇ ಕಾಲಿಡಬೇಕು. ಅಳತೆ ಹೇಗೂ ಗೊತ್ತಿರುತ್ತದೆ.

ವಿಚಾರಣೆಗೆ ಕೂರುತ್ತಿದ್ದವರು ಸುತ್ತಲಿನ ಜಮೀನ್ದಾರರೇ. ಸುಗ್ಗಿ ಬಂದಾಗ ಪಕ್ಕದೂರಿನ ಆಳಿಗೆ ಗುಟ್ಟಾಗಿ ಜಾಸ್ತಿ ಕೊಟ್ಟು ಕರೆದುಕೊಳ್ಳುತ್ತಿದ್ದವರೂ ಜಮೀನ್ದಾರರೇ.

ಇಷ್ಟಾದರೂ ಕೂಲಿಯವನ ಮೈಮೇಲೆ ಒಳ್ಳೇ ಬಟ್ಟೆ ಕಂಡಿತು. ತಡೆಯೋಕಾಗುತ್ತಾ? 1363ರಲ್ಲಿ ಅದಕ್ಕೂ ಕಾನೂನು: ನೇಗಿಲು ಹಿಡಿಯುವವನಿಗೆ ಒರಟು ಉಣ್ಣೆ ಬಟ್ಟೆಯೇ ಸಾಕು, ಮನೆಯಾಳಿಗೆ ಮಾಂಸವೋ ಮೀನೋ ದಿನಕ್ಕೆ ಒಂದೇ ಸಲ. ಒಂದೆರಡು ವರ್ಷದಲ್ಲೇ ಸುಮ್ನೆ ವಾಪಸ್ ತೆಗೆದುಕೊಂಡರು.

ಆಮೇಲೆ ಬಂದದ್ದು ತಲೆಗಂದಾಯ. 1377ರಲ್ಲಿ ತಲೆಗೆ 4 ಪೆನ್ನಿ, 1380ರಲ್ಲಿ ಏಕಾಏಕಿ 12. ಮೊದಲ ಸಲ 13 ಲಕ್ಷಕ್ಕೂ ಮಿಕ್ಕಿ ಇದ್ದ ತಲೆಗಳು ಈ ಸಲ ಪುಸ್ತಕದಲ್ಲಿ 9 ಲಕ್ಷವೂ ಇಲ್ಲ! ಪ್ಲೇಗನ್ನೇ ನಾಚಿಸುವ ಲೆಕ್ಕ. ಕಾಣೆಯಾದವರನ್ನು ಹುಡುಕಲು ಎಸೆಕ್ಸ್, ಕೆಂಟ್ ಕಡೆ ಅಧಿಕಾರಿಗಳು ಹೊರಟರು. ಅಷ್ಟು ತೊಂದರೆ ಬೇಕಿರಲಿಲ್ಲ. 1381ರ ಜೂನ್‌ನಲ್ಲಿ ಕಾಣೆಯಾದವರೇ ಗುಂಪುಗುಂಪಾಗಿ ಲಂಡನ್‌ಗೆ ಬಂದರು. 14ನೇ ತಾರೀಖು ಚಾನ್ಸಲರ್ (ರಾಜನ ಹಿರಿಯ ಮಂತ್ರಿ) ಆಗಿದ್ದ ಆರ್ಚ್‌ಬಿಷಪ್ ಸೈಮನ್ ಸಡ್ಬರಿ, ಖಜಾಂಚಿ ರಾಬರ್ಟ್ ಹೇಲ್ಸ್ ಇಬ್ಬರನ್ನೂ ಲಂಡನ್ ಟವರ್ ಕೋಟೆಯಿಂದ ಎಳೆದು ತಂದು ಕಡಿದರು. ಗುಮಾಸ್ತರ ಪಟ್ಟಿಯಲ್ಲಿ ಇನ್ನೆರಡು ತಲೆ ಕಡಿಮೆ.