ಲೆಕ್ಕ ಯಾವ ಕಟ್ಟೆ ಮೇಲೆ ಓದಬೇಕು?

ಹಾವೇರಿ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಆಗ ನಾನು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಸಂಸ್ಥೆಗೆ ಮೂರು ಕಡೆಯಿಂದ ವಿದೇಶಿ ನೆರವು ಬರ್ತಿತ್ತು. ಹಾಗಾಗಿ ಮಹಿಳಾ ಸಂಘದ ಒಂದೇ ಸಭೆಗೆ ಮೂರು ಪುಸ್ತಕ. ಒಬ್ಬರಿಗೆ ಬಂದವರ ಜಾತಿ, ವಯಸ್ಸು ಬೇಕು. ಇನ್ನೊಬ್ಬರಿಗೆ ಫೋಟೊ ಬೇಕು. ಮೂರನೆಯವರಿಗೆ ತಮ್ಮದೇ ಇಂಗ್ಲಿಷ್ ನಮೂನೆ. ಗುಡಿ ಕಟ್ಟೆ ಮೇಲೆ ಇಂಕ್ ಪ್ಯಾಡ್ ಇಟ್ಕೊಂಡು ಕೂತಿದ್ದೆ. ಕಳೆ ತೆಗೆಯೋದು ಬಿಟ್ಟು ಬಂದಿದ್ದ ಹೆಣ್ಮಕ್ಕಳು ಮೂರೂ ಕಡೆ ಹೆಬ್ಬೆಟ್ಟು ಒತ್ತಿದರು.

ಒಬ್ಬ ಅಜ್ಜಿ ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ತಾ ಕೇಳಿದರು: "ತಮ್ಮಾ, ನಮ್ಮ ಹೆಸರ್ಲೆ ಎಷ್ಟು ರೊಕ್ಕ ಬಂದೈತಿ?"

ನನಗೆ ಗೊತ್ತಿತ್ತು. ಪೈಸೆ ಪೈಸೆ ಲೆಕ್ಕ ಬರೆದವನು ನಾನೇ. ಆದರೆ ಊರವರ ಮುಂದೆ ಮೊತ್ತ ಹೇಳಬೇಡ ಅಂತ ಆಫೀಸಿನಲ್ಲಿ ಹೇಳಿದ್ದರು. "ಕೇಳಿ ಹೇಳ್ತೇನವ್ವಾ" ಅಂದು ಎದ್ದು ಬಂದೆ. ಆಮೇಲೂ ಹೇಳಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಆ ವರ್ಷ ಅದೇ ಊರಿನ ಕೆರೆ ಹೂಳು ತೆಗೆಸೋಕೂ ಹಣ ಮಂಜೂರಾಗಿತ್ತು. ಯುಗಾದಿ ಹೊತ್ತಿಗೆ ಬರಬೇಕಿದ್ದ ಕಂತು ಬಂದಿದ್ದು ಮಿರಗ ಮಳೆ ಬಿದ್ದ ಮೇಲೆ. ಕೆರೆಯಲ್ಲಿ ಆಗಲೇ ನೀರು ನಿಂತಿತ್ತು. ಹೇಳಿದ ಅವಧಿಯೊಳಗೆ ಖರ್ಚಾಗದಿದ್ದರೆ ಹಣ ವಾಪಸ್. ಕೊನೆಗೆ ಅದು ತರಬೇತಿಗೆ, ಬ್ಯಾನರಿಗೆ, ಊಟಕ್ಕೆ ಹೋಯಿತು. ವರದಿಯಲ್ಲಿ ನೂರಕ್ಕೆ ನೂರು ಖರ್ಚು. ಹೂಳು ಹಾಗೇ ಉಳಿಯಿತು. ಯಾರೂ ಒಂದು ರೂಪಾಯಿ ತಿನ್ನಲಿಲ್ಲ ನೋಡಿ, ಅದೇ ನನಗೆ ಜಾಸ್ತಿ ನೋವು. ನೆರವು ಅಂದ ಕೂಡಲೇ ಯಾರು ತಿಂದರು ಅಂತ ಕೇಳ್ತೀವಿ. ಹೊತ್ತಿಗೆ ಬಂತಾ ಅಂತ ಕೇಳೋದೇ ಇಲ್ಲ.

ಇದು ದೊಡ್ಡವರಿಗೆ ಗೊತ್ತಿಲ್ಲದ್ದೇನಲ್ಲ. 2005ರ ಮಾರ್ಚ್‌ನಲ್ಲಿ ಕೊಡುವ ದೇಶಗಳೂ ಪಡೆಯುವ ದೇಶಗಳೂ ಪ್ಯಾರಿಸ್‌ನಲ್ಲಿ ಕೂತು ಒಂದು ಘೋಷಣೆಗೆ ಒಪ್ಪಿದವು. ಏನು ಮಾಡಬೇಕು ಅಂತ ಪಡೆಯುವ ದೇಶವೇ ತೀರ್ಮಾನಿಸಬೇಕು. ಕೊಡುವವರು ಆದಷ್ಟು ಆ ದೇಶದ ಲೆಕ್ಕದ ವ್ಯವಸ್ಥೆಯನ್ನೇ ಬಳಸಬೇಕು, ತಮ್ಮ ತಮ್ಮಲ್ಲಿ ಹೊಂದಿಸಿಕೊಳ್ಳಬೇಕು. ಹಣ ಹೇಳಿದ ಹೊತ್ತಿಗೆ ಬರಬೇಕು. ಇಬ್ಬರೂ ಒಬ್ಬರಿಗೊಬ್ಬರು ಉತ್ತರ ಕೊಡಬೇಕು. 2010ರೊಳಗೆ ಮುಟ್ಟಬೇಕಿದ್ದ ಗುರಿ 13. ಮುಟ್ಟಿದ್ದು ಒಂದೇ. 2008ರಲ್ಲಿ ಘಾನಾದ ಅಕ್ರಾದಲ್ಲಿ, 2011ರಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಮತ್ತೆ ಮಾತು ಕೊಟ್ಟರು.

ಪಡೆಯುವವರು ತಪ್ಪಿದರೆ ಮುಂದಿನ ಕಂತು ನಿಲ್ಲುತ್ತದೆ. ಕೊಡುವವರು ತಪ್ಪಿದರೆ? ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ ಶೇ 0.7ರಷ್ಟು ನೆರವು ಕೊಡಬೇಕು ಅಂತ ವಿಶ್ವಸಂಸ್ಥೆ ಗುರಿ ಇಟ್ಟಿದ್ದು 1970ರಲ್ಲಿ. ಹೆಚ್ಚಿನವು ಇನ್ನೂ ಮುಟ್ಟಿಲ್ಲ. ಯಾರೂ ಅವರನ್ನು ನಿಲ್ಲಿಸಿ ಕೇಳಿಲ್ಲ.

ನಮ್ಮ ಕಡೆ ಜಾತ್ರೆಗೆ ಪಟ್ಟಿ ಎತ್ತುತ್ತಾರೆ. ಜಾತ್ರೆ ಮುಗಿದ ಮೇಲೆ ಗುಡಿಯಲ್ಲಿ ಊರೆಲ್ಲಾ ಕೂತಾಗ ಲೆಕ್ಕ ಓದ್ತಾರೆ. ಖರ್ಚು ಓದ್ತಾರೆ. ಇಷ್ಟು ಕೊಡ್ತೀನಿ ಅಂತ ಬರೆಸಿ ಕೊಡದೇ ಉಳಿದವರ ಹೆಸರೂ ಓದ್ತಾರೆ, ಅವರು ಎಷ್ಟೇ ದೊಡ್ಡ ಸಾಹುಕಾರರಿರಲಿ. ಪ್ಯಾರಿಸ್‌ನಲ್ಲಿ ಒಪ್ಪಿದ್ದು ಇದನ್ನೇ ಅಲ್ವಾ? ಅದೇ 2005ರಲ್ಲಿ ನಮ್ಮ ಉದ್ಯೋಗ ಖಾತ್ರಿ ಕಾಯ್ದೆ, ಗ್ರಾಮಸಭೆಯಲ್ಲೇ ಕಾಮಗಾರಿಯ ಲೆಕ್ಕ ತಪಾಸಣೆ ಆಗಬೇಕು ಅಂತ ಬರೆಯಿತು. ಅಂದರೆ ದಾರಿ ನಮಗೆ ಗೊತ್ತಿದೆ.

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೂ, 24 ತಾಸು ನೀರಿನ ಯೋಜನೆಗೂ ವಿಶ್ವ ಬ್ಯಾಂಕಿನ ಸಾಲ ಬಂತು. ಸಾಲ ಅಂದರೆ ತೀರಿಸುವವರು ನಾವು. ಇಂಥ ಯೋಜನೆಯ ಲೆಕ್ಕವನ್ನು ವಾರ್ಡಿನಲ್ಲಿ ಕನ್ನಡದಲ್ಲಿ ಓದಲಿ. ಪಾಲಿಕೆಯವರ ಪಕ್ಕದಲ್ಲಿ ಬ್ಯಾಂಕಿನವರೂ ಕೂರಲಿ, ತಡವಾಗಿದ್ದು ಯಾರಿಂದ ಅಂತ ಅಲ್ಲೇ ಹೇಳಲಿ.

ಭಾರತ ಈಗ ಕೊಡುವ ದೇಶವೂ ಹೌದು. 2012ರಲ್ಲಿ ವಿದೇಶಾಂಗ ಸಚಿವಾಲಯದಲ್ಲಿ ಅದಕ್ಕೆಂದೇ ಒಂದು ವಿಭಾಗ ಶುರುವಾಯಿತು. ಆಫ್ರಿಕಾದ ಯಾವುದೋ ಊರಲ್ಲಿ ಒಬ್ಬ ಅಜ್ಜಿ ನಮ್ಮ ದೇಶದ ಎಂಜಿನಿಯರನ್ನು ನಿಲ್ಲಿಸಿ, ನಮ್ಮ ಹೆಸರಲ್ಲಿ ಎಷ್ಟು ಹಣ ಬಂದಿದೆ ಅಂತ ಕೇಳಿದರೆ, ಅವನು ನನ್ನ ಹಾಗೆ ಎದ್ದು ಹೋಗಬಾರದು. ಅಲ್ಲೇ, ಆಕೆಯ ಭಾಷೆಯಲ್ಲೇ ಮೊತ್ತ ಹೇಳಬೇಕು.