ಹ್ಯಾಂಡಲ್ ತಿರುಗಿಸೋಕೆ ಬಿಡ್ರಿ

ಹೋದ ತಿಂಗಳು ನಮ್ಮೂರಲ್ಲಿ ಒಂದು ಹಳೇ ವಸ್ತುಗಳ ಪ್ರದರ್ಶನಕ್ಕೆ ನನ್ನ ಹತ್ರ ಇರೋ, ಹ್ಯಾಂಡಲ್ ತಿರುಗಿಸಿ ಲೆಕ್ಕ ಮಾಡೋ ಹಳೇ ಮಷೀನ್‌ಗಳಲ್ಲಿ ಮೂರನ್ನ ಕೊಟ್ಟಿದ್ದೆ. ಹೋಗಿ ನೋಡ್ತೀನಿ, ಮೂರನ್ನೂ ಗಾಜಿನ ಪೆಟ್ಟಿಗೇಲಿಟ್ಟು ಬೀಗ ಜಡಿದು "ಮುಟ್ಟಬೇಡಿ" ಅಂತ ಚೀಟಿ ಅಂಟಿಸ್ಯಾರೆ. ಬಂದೋರು ಟೈಪ್‌ರೈಟರ್ ಇರ್ಬೇಕು ಬಿಡು ಅಂದ್ಕೊಂಡು ಮುಂದಕ್ಕೆ ಹೋಗ್ತಾ ಇದ್ರು. ನಂಗೆ ಹೊಟ್ಟೇಲಿ ಬೆಂಕಿ ಬಿದ್ದಂಗಾಯ್ತು ನೋಡ್ರಿ.

ನಮ್ಮ ದೊಡ್ಡಪ್ಪ ದಾವಣಗೆರೆಯ ಕಾಟನ್ ಮಿಲ್ ಒಂದರಲ್ಲಿ ಕ್ಲರ್ಕ್ ಆಗಿದ್ರು, ಕಾರ್ಮಿಕರ ಪಗಾರದ ಲೆಕ್ಕ ಎಲ್ಲಾ ಅವರ ಟೇಬಲ್ ಮೇಲೇ. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿದ್ದ ಕಾಲ ಅದು. ಅವರಿಗೆ ಬುತ್ತಿ ಕೊಡೋಕೆ ಹೋದಾಗ ನಂಗೆ ಕೇಳಿಸ್ತಿದ್ದಿದ್ದು ಆ ಮಷೀನಿನ ಕರ್ರ್ ಕರ್ರ್ ಸದ್ದು. ಮಿಲ್ ಮುಚ್ಚಿ ಎಷ್ಟೋ ವರ್ಷ ಆದ್ಮೇಲೆ ಅಂಥದೇ ಒಂದು ಓಡ್ನರ್ ಮಷೀನ್ ಗುಜರಿ ಅಂಗಡೀಲಿ ತಕ್ಕಡಿ ಪಕ್ಕ ಬಿದ್ದಿತ್ತು, ಕಬ್ಬಿಣದ ರೇಟಿಗೆ ತಂದೆ, ಅಲ್ಲಿಂದ ಶುರುವಾಯ್ತು ಈ ಹುಚ್ಚು, ಈಗ ಹನ್ನೊಂದು ಅದಾವೆ.

ಓಡ್ನರ್ ಅಂದ್ರೆ ಸ್ವೀಡನ್ನಿನ ವ್ಯಕ್ತಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಸ ಮಾಡ್ತಾ 1870ರ ದಶಕದಲ್ಲಿ ಇದನ್ನ ರೂಪಿಸಿದ್ರು. ಒಳಗೆ ಸಾಲಾಗಿ ಚಕ್ರಗಳು, ಒಂದೊಂದರಲ್ಲೂ ಒಂಬತ್ತು ಹಲ್ಲು, ನೀವು ಲಿವರನ್ನ 7ಕ್ಕೆ ಎಳೆದ್ರೆ ಏಳು ಹಲ್ಲು ಮಾತ್ರ ಹೊರಗೆ ಬರ್ತಾವೆ, ಹ್ಯಾಂಡಲ್ ಒಂದು ಸುತ್ತು ಹಾಕಿದ್ರೆ ಕೆಳಗಿನ ಅಂಕಿ ಏಳು ಮನೆ ಉರುಳುತ್ತೆ. ಅಷ್ಟೇ! 327ನ್ನ 24ರಿಂದ ಗುಣಿಸ್ಬೇಕಾ, 327 ಇಟ್ಟು ನಾಲ್ಕು ಸುತ್ತು, ಕ್ಯಾರೇಜ್ (ಉತ್ತರದ ಅಂಕಿಗಳಿರೋ ಕೆಳಗಿನ ಭಾಗ) ಒಂದು ಮನೆ ಸರಿಸಿ ಎರಡು ಸುತ್ತು, 7848 ಬಂದು ನಿಂತಿರುತ್ತೆ.

ಭಾಗಾಕಾರ ಇನ್ನೂ ಚಂದ. ಅದೇ 7848ನ್ನ 327ರಿಂದ ಭಾಗಿಸೋಕೆ ಕ್ಯಾರೇಜ್ ಆ ಸರಿಸಿದ ಮನೇಲೇ ಇಟ್ಟು ಹಿಂದಕ್ಕೆ ತಿರುಗಿಸ್ತೀರಿ, ಅಂದ್ರೆ ಕಳೀತೀರಿ, ಒಂದು, ಎರಡು, ಮೂರನೇ ಸಲಕ್ಕೆ ಸಂಖ್ಯೆ ಸೊನ್ನೆಗಿಂತ ಕೆಳಗೆ ಹೋಗುತ್ತೆ, ಎಡಗಡೆ ಪೂರ್ತಿ ಒಂಬತ್ತುಗಳು ತುಂಬ್ಕೊಂಡು ಒಳಗೊಂದು ಗಂಟೆ ಟಿಣ್ ಅನ್ನುತ್ತೆ. ಜಾಸ್ತಿ ಕಳೆದ್ರಿ, ಒಂದು ಸುತ್ತು ವಾಪಸ್ ಕೊಡಿ ಅಂತ. ವಾಪಸ್ ಕೊಟ್ಟು, ಕ್ಯಾರೇಜ್ ಸರಿಸಿ ನಾಲ್ಕು ಸುತ್ತು, ಉತ್ತರ 24. ಈ ಟಿಣ್ ಅನ್ನೋದನ್ನ ಗಾಜಿನ ಆಚೆಯಿಂದ ಹೆಂಗ್ರೀ ತೋರಿಸ್ತೀರಿ?

ಇನ್ನೊಂದು, ಇದರ ಜೊತೆ ನಮ್ಮ ದುಡ್ಡಿನ ಕತೇನೂ ಹೇಳ್ಬೇಕು. 1957ರ ಏಪ್ರಿಲ್ 1ಕ್ಕೆ ಹೊಸ ಪೈಸೆ ಬರೋ ತನಕ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹತ್ತಕ್ಕೆ ಹತ್ತಕ್ಕೆ ದಾಟೋ ಮಷೀನಿನಲ್ಲಿ ಮೂರು ರೂಪಾಯಿ ಏಳಾಣೆ ಒಂಬತ್ತು ಪೈನ ಇದ್ದಂಗೇ ಇಡೋಕೇ ಬರಲ್ಲ, ಮೊದಲು ಪೂರಾ ಪೈ ಮಾಡ್ಕೋಬೇಕು, ಆಮೇಲೆ ಉತ್ತರಾನ ಮತ್ತೆ ಆಣೆ ರೂಪಾಯಿಗೆ ತರ್ಬೇಕು. ಮಂಡಿಪೇಟೆ ಗುಮಾಸ್ತರು ಬಾಯಲ್ಲೇ ಕಾಲು ಅರೆ ಮುಕ್ಕಾಲಿನ ಮಗ್ಗಿ ಹೇಳಿ ಮುಗಿಸ್ತಿದ್ರಲ್ಲ, ಅದರ ಬೆಲೆ ನಂಗೆ ಗೊತ್ತಾಗಿದ್ದು ಈ ಮಷೀನ್ ಮುಂದೆ ಕೂತಾಗ.

ಮುಟ್ಟಿದ್ರೆ ಹಾಳಾಗ್ತಾವೆ ಸಾರ್ ಅಂದ್ರು ಅಲ್ಲಿದ್ದೋರು. ಫ್ರಾನ್ಸಿನ ಗಣಿತಜ್ಞ ಪ್ಯಾಸ್ಕಲ್ 1642ರಲ್ಲಿ ಶುರು ಮಾಡಿದ ಮಷೀನ್‌ಗಳು ಲೋಕದಲ್ಲಿ ಬೆರಳೆಣಿಕೆಯಷ್ಟು ಉಳಿದಾವೆ, ಅವನ್ನ ಗಾಜಲ್ಲೇ ಇಡ್ಲಿ, ಒಪ್ತೀನಿ. ಆದ್ರೆ ಆಫೀಸಲ್ಲಿ ದಿನವಿಡೀ ತಿರುಗಿಸೋಕೆ ಅಂತಾನೇ ಮಾಡಿದ ಓಡ್ನರ್, ಬ್ರುನ್ಸ್‌ವಿಗಾ, ಫೆಸಿಟ್ ಕಂಪನಿ ಮಷೀನುಗಳು ಹಂಗಲ್ಲ, ಸುಮ್ನೆ ಕೂತ್ರೇನೇ ಇವು ಕೆಡೋದು, ಒಳಗಿನ ಎಣ್ಣೆ ಅಂಟಾಗಿ ಹಲ್ಲುಗಳು ಕಚ್ಕೊಳ್ತಾವೆ. ಪಕ್ಕದಲ್ಲಿ ಗೊತ್ತಿರೋ ಒಬ್ಬರು ನಿಂತು, ಸುತ್ತು ಅರ್ಧಕ್ಕೆ ಬಿಡ್ಬೇಡ, ಪೂರ್ತಿ ಹಾಕು ಅಂತ ಹೇಳಿದ್ರೆ ಆರನೇ ಕ್ಲಾಸ್ ಮಗೂನೂ ನೀಟಾಗಿ ತಿರುಗಿಸ್ತಾನೆ.

ನಂಗೆ ಸಿಗದೇ ಇರೋದು ಕುರ್ಟಾ ಅನ್ನೋ ಲೆಕ್ಕದ ಮಷೀನ್. ಮುಷ್ಟೀಲಿ ಹಿಡಿಯೋವಷ್ಟು ಚಿಕ್ಕದು, ಕುರ್ಟ್ ಹರ್ಟ್ಸ್‌ಸ್ಟಾರ್ಕ್ ಅನ್ನೋರು ನಾಜಿಗಳ ಬುಖೆನ್‌ವಾಲ್ಡ್ ಕ್ಯಾಂಪಲ್ಲಿ ಕೈದಿಯಾಗಿದ್ದಾಗ ಅದರ ನಕ್ಷೆ ಬರೆದ್ರು. ಅದೇನಾದ್ರೂ ಸಿಕ್ಕಿದ್ರೆ ಅದನ್ನೂ ಮಕ್ಕಳ ಕೈಗೆ ಕೊಡ್ತೀನಿ, ಖಂಡಿತ.

ಮುಂದಿನ ಪ್ರದರ್ಶನಕ್ಕೆ ಒಂದು ಟೇಬಲ್, ನಾಲ್ಕು ಕುರ್ಚಿ, ಮಷೀನ್ ಪಕ್ಕ ಪೇಪರ್ ಪೆನ್ಸಿಲ್, ನಾನೇ ಕೂರ್ತೀನಿ, ಈ ಷರತ್ತಿಗೆ ಒಪ್ಪಿದ್ರೆ ಮಾತ್ರ ಕೊಡೋದು. ನಿಮ್ಮನೆ ಅಟ್ಟದ ಮೇಲೋ ಹಳೇ ಅಂಗಡಿ ಗೋಡೌನಲ್ಲೋ ಇಂಥದ್ದು ಇದ್ರೆ ಗುಜರಿಗೆ ಹಾಕ್ಬೇಡ್ರಿ. ಹ್ಯಾಂಡಲ್ ಬಿಗಿಯಾಗಿದ್ರೆ ಜೋರು ಮಾಡ್ಬೇಡ್ರಿ, ಹಲ್ಲು ಮುರೀತಾವೆ. ಇನ್‌ಬಾಕ್ಸಲ್ಲಿ ಒಂದು ಫೋಟೋ ಹಾಕಿ, ನಾನೇ ಎಣ್ಣೆ ಡಬ್ಬಿ ತಗೊಂಡು ಬರ್ತೀನಿ.